ಹಲಾಲ್ ಬೋರ್ಡು ಹಾಕುವ ಮುನ್ನ: ಚಿಕನ್ ಅಂಗಡಿ, ಹೋಂಸ್ಟೇ, ಬೇಕರಿಯವರಿಗೆ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನದ ಓದುಗರಿಂದ ಒಂದೇ ಪ್ರಶ್ನೆ ಮೂರು ಬಗೆಯಲ್ಲಿ ಬರುತ್ತಲೇ ಇದೆ. ಹೋಂಸ್ಟೇ ನಡೆಸುವವರು ಕೇಳುವುದು: "ಕೋಳಿ ಹಲಾಲ್ ಅಂಗಡಿಯಿಂದಲೇ ತರ್ತೀವಿ, ಹಲಾಲ್ ಅಂತ ಹೇಳಬಹುದಲ್ಲ?" ಬೇಕರಿಯವರದು: "ನಾವು ಮೊಟ್ಟೆಯನ್ನೇ ಮುಟ್ಟಲ್ಲ, ನಮ್ಮನ್ನ್ಯಾಕೆ ಸರ್ಟಿಫಿಕೇಟ್ ಕೇಳ್ತಾರೆ?" ಚಿಕನ್ ಅಂಗಡಿಯವರದು: "ಬಿಸ್ಮಿಲ್ಲಾ ಹೇಳಿಯೇ ಕೊಯ್ಯೋದು, ಇನ್ನೇನು ಬೇಕು?"

ಮೂರಕ್ಕೂ ಉತ್ತರದ ಬುಡ ಒಂದೇ. ಕೊಯ್ಯುವುದು ಒಂದು ಹಂತ ಅಷ್ಟೇ. ಸರಿಯಾಗಿ ಕೊಯ್ದ ಕೋಳಿಯೂ ಅಂಗಡಿಯ ಡ್ರಮ್ಮಿನಲ್ಲೋ, ಹಂಚಿಕೊಂಡ ಫ್ರೀಜರಿನಲ್ಲೋ, ನಿಮ್ಮ ಅಡುಗೆಮನೆಯ ಹಲಗೆಯ ಮೇಲೋ ಹಲಾಲ್ ಲೆಕ್ಕದಿಂದ ಹೊರಗೆ ಬೀಳಬಹುದು. ತಪ್ಪು ಹೆಚ್ಚಾಗಿ ನಡೆಯುವುದೂ ಅಲ್ಲೇ.

ಮೊದಲು ನಾಲ್ಕು ಪದ. ಹಲಾಲ್ ಎಂದರೆ ಧರ್ಮ ಒಪ್ಪಿದ್ದು, ಹರಾಮ್ ಎಂದರೆ ಒಪ್ಪದ್ದು. ನಜೀಸ್ ಎಂದರೆ ತಗುಲಿದ್ದನ್ನೂ ಅಶುದ್ಧ ಮಾಡುವಂಥದ್ದು: ರಕ್ತ, ಹಂದಿಯ ಯಾವುದೇ ಭಾಗ. ಮಶ್‌ಬೂಹ್ ಎಂದರೆ ಎಲ್ಲಿಂದ ಬಂತೆಂದು ತಿಳಿಯದ, ಅನುಮಾನದ ವಸ್ತು. ಬೇಕರಿಯವರ ಕೆಲಸವೆಲ್ಲ ಈ ಕೊನೆಯದರ ಸುತ್ತಲೇ. ಇವುಗಳ ಜೊತೆಗೆ ತಯ್ಯಿಬ್ ಎಂಬ ಮಾತೂ ಇದೆ. ಶುಚಿಯಾದದ್ದು, ಒಳ್ಳೆಯದು ಎಂದರ್ಥ. ವಿಧಿಪ್ರಕಾರ ಕೊಯ್ದ ಮಾಂಸ ಹಳಸಿದ್ದರೆ ಅದನ್ನು ಬಡಿಸುವ ಹಾಗಿಲ್ಲ, ಆದ್ದರಿಂದ ಗುಣಮಟ್ಟದ ಮಾತು ಇಲ್ಲಿ ಬೇರೆ ಅಧ್ಯಾಯವಲ್ಲ.

ಕಾನೂನಿನ ಮಾತು ಚುಟುಕಾಗಿ. ಕರ್ನಾಟಕದೊಳಗೆ ಮಾರುವವರಿಗೆ ಹಲಾಲ್ ಪ್ರಮಾಣಪತ್ರವನ್ನು ಕಾನೂನು ಕಡ್ಡಾಯ ಮಾಡಿಲ್ಲ. ಕಡ್ಡಾಯವಾದದ್ದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ, ಅದರ 14 ಅಂಕಿಯ ಸಂಖ್ಯೆ. ಆದರೆ ಹಲಾಲ್ ಅಂತ ಬರೆದು ಬೇರೆಯದನ್ನು ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆ ಸುಮ್ಮನಿರುವುದಿಲ್ಲ. ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ದನದ ವಿಷಯದಲ್ಲಿ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯೇ ಮೊದಲು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕೋಳಿ, ಕುರಿ, ಮೇಕೆಯ ಲೆಕ್ಕದಲ್ಲಿ.

ಬೇಕಾಗುವ ಸಾಮಾನು: ಚುಚ್ಚಿ ನೋಡುವ ಥರ್ಮಾಮೀಟರ್, ಎರಡು ಬಣ್ಣದ ಟೇಪು, ಅಳಿಸದ ಮಾರ್ಕರ್ ಪೆನ್ನು, ಉದ್ದನೆಯ ಲೆಕ್ಕದ ಪುಸ್ತಕ.

1. ಒಳಗೆ ಬರುವ ಎಲ್ಲವನ್ನೂ ಬರೆಯಿರಿ

ಒಂದು ವಾರ ನಿಮ್ಮ ಬಾಗಿಲು ದಾಟಿ ಬರುವ ಪ್ರತಿಯೊಂದನ್ನೂ ಪುಸ್ತಕಕ್ಕೆ ಹತ್ತಿಸಿ. ಮಾಂಸ, ಎಣ್ಣೆ, ಮಸಾಲೆ, ಸಾಸು, ಎಸೆನ್ಸು ಎಲ್ಲ ಬರಲಿ. ಪಾತ್ರೆ ಉಜ್ಜುವ ಬ್ರಷ್ಷನ್ನೂ ಬಿಡಬೇಡಿ. ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು: ನಿಸ್ಸಂಶಯ, ಅನುಮಾನ, ಬೇಡ. ಅಕ್ಕಿ, ಬೇಳೆ, ತರಕಾರಿ, ಇಡಿ ಮೆಣಸು, ಏಲಕ್ಕಿ, ಹಾಲು ಮೊದಲ ಸಾಲಿಗೆ. ಕಾಫಿ ಪುಡಿ, ಚಿಕೋರಿಯೂ ಅಲ್ಲಿಗೇ. ಪ್ರವಾಸಿಗರು ಕೇಳುವ ಪುನುಗು ಬೆಕ್ಕಿನ ಕಾಫಿ, ಅಂದರೆ ಆ ಬೆಕ್ಕಿನ ಹಿಕ್ಕೆಯಿಂದ ಆರಿಸಿದ ಬೀಜದ ಕಾಫಿ, ಮಾತ್ರ ಚರ್ಚೆಯ ವಸ್ತು. ಇಂಡೋನೇಷ್ಯಾದ ಉಲೇಮಾ ಮಂಡಳಿ 2010ರಲ್ಲಿ ಬೀಜವನ್ನು ಚೆನ್ನಾಗಿ ತೊಳೆದರೆ ಆಗಬಹುದು ಎಂದಿತು.

ಗುರುತು ಹಾಕಿ ಮುಗಿದಾಗ ಪಟ್ಟಿಯ ಹೆಚ್ಚಿನ ಪಾಲು ನಿಸ್ಸಂಶಯದ ಸಾಲಿನಲ್ಲಿ ಇರುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಉಳಿದ ಹತ್ತು ಹದಿನೈದು ವಸ್ತುವಿಗೆ.

2. ಕೊಯ್ಯುವ ಜಾಗವನ್ನು ನಿಂತು ನೋಡಿ

ಮಾಂಸ ಕೊಳ್ಳುವವರಾದರೆ ಅಂಗಡಿಯ ಬೋರ್ಡು ನೋಡಿ ವಾಪಸ್ಸಾಗಬೇಡಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ರಶ್ಶಿನ ಹೊತ್ತಿನಲ್ಲಿ ಹೋಗಿ ಅರ್ಧ ಗಂಟೆ ನಿಲ್ಲಿ.

ಕೊಯ್ಯುವವರು ಬುದ್ಧಿ ಬಂದ ಮುಸ್ಲಿಮರಾಗಿರಬೇಕು, ಪ್ರತಿ ಕೋಳಿಗೂ "ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್" ಹೇಳಬೇಕು. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳ, ಅನ್ನನಾಳ, ಎರಡೂ ಪಕ್ಕದ ದೊಡ್ಡ ರಕ್ತನಾಳಗಳು ಕಡಿಯಬೇಕು, ತಲೆ ಬೇರ್ಪಡಬಾರದು. ಕನಿಷ್ಠ ಎಷ್ಟು ನಾಳ ಎಂಬುದರಲ್ಲಿ ಪಂಥಗಳ ನಡುವೆ ವ್ಯತ್ಯಾಸವಿದೆ. ಹಾಸನ ಕಡೆಯ ಉರ್ದು ಮಾತಿನವರು ಹೆಚ್ಚಾಗಿ ಹನಫಿ ಪಂಥದವರು, ಘಟ್ಟ ಹತ್ತಿ ಬಂದ ಬ್ಯಾರಿಗಳು ಶಾಫಿ ಪಂಥದವರು. ನಾಲ್ಕನ್ನೂ ಕಡಿದರೆ ಇಬ್ಬರಿಗೂ ಸಲ್ಲುತ್ತದೆ.

ಚಾಕು ಮೊಂಡಾಗಿದ್ದರೆ ನಾಳ ಕಡಿಯುವ ಬದಲು ಜಜ್ಜಿಹೋಗುತ್ತದೆ, ತುದಿ ಮುದುಡಿ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಹಕ್ಕಿಗೆ ಹಿಂಸೆ, ನಿಮಗೆ ರಕ್ತ ಉಳಿದ ಮಾಂಸ. ಇಪ್ಪತ್ತು ಇಪ್ಪತ್ತೈದು ಕೋಳಿಗೊಮ್ಮೆ ಮಸೆಯಬೇಕು. ಮಸೆಯುವುದು ಕೋಳಿಗಳ ಕಣ್ಣೆದುರು ಆಗಬಾರದು.

ಈಗ ನೀಲಿ ಡ್ರಮ್ಮಿನ ಕಡೆ ನೋಡಿ. ಕತ್ತು ಕೊಯ್ದು ಡ್ರಮ್ಮಿಗೆ ಎಸೆಯುವುದು ನಮ್ಮ ಕಡೆಯ ರೂಢಿ. ಒಂದು ಕೋಳಿಗಾದರೆ ಅಷ್ಟೇನೂ ತೊಂದರೆಯಿಲ್ಲ. ಒಂದರ ಮೇಲೊಂದು ಆರೇಳು ಬಿದ್ದಾಗ ತಳದ್ದು ರಕ್ತ ಹರಿದು ಸತ್ತಿತೋ ಉಸಿರುಗಟ್ಟಿ ಸತ್ತಿತೋ ಹೇಳುವವರಾರು? ಮೇಲಿನವುಗಳ ರಕ್ತ, ಹಿಕ್ಕೆ ಎಲ್ಲ ಅದರ ಕತ್ತಿನ ಗಾಯಕ್ಕೇ ಇಳಿಯುತ್ತಿರುತ್ತದೆ. ಇದಕ್ಕೆ ಪರಿಹಾರ ದುಬಾರಿಯದಲ್ಲ. ಲಾಳಿಕೆಯ ಆಕಾರದ ಸ್ಟೀಲ್ ಕೋನುಗಳನ್ನು ನಾಲ್ಕರಿಂದ ಆರು ಸಾಲಾಗಿ ಗೋಡೆಗೆ ಹೊಡೆದು, ಕೆಳಗೆ ರಕ್ತ ಹರಿಯಲು ತೊಟ್ಟಿ ಇಟ್ಟರೆ ಸಾಕು. ಕೋಳಿ ತಲೆಕೆಳಗಾಗಿ ಕೂರುತ್ತದೆ, ರೆಕ್ಕೆ ಬಡಿದು ಮೂಳೆ ಮುರಿಯುವುದಿಲ್ಲ, ರಕ್ತ ಪೂರ್ತಿ ಇಳಿಯುತ್ತದೆ. ಎರಡರಿಂದ ಮೂರು ನಿಮಿಷ ಬಿಡಿ. ಕಣ್ಣಿನ ಗುಡ್ಡೆ ಮುಟ್ಟಿದರೂ ರೆಪ್ಪೆ ಅಲುಗದಿದ್ದರೆ ಜೀವ ಹೋಗಿದೆ ಎಂದರ್ಥ.

ಅದಕ್ಕೂ ಮೊದಲೇ ಬಿಸಿನೀರಿಗೆ ಹಾಕಿದರೆ ಕೋಳಿ ಮುಳುಗಿ ಸತ್ತಂತಾಗುತ್ತದೆ. ಬಿಸ್ಮಿಲ್ಲಾ ಹೇಳಿ ಕೊಯ್ದಿದ್ದರೂ ಅದು ಹಲಾಲ್ ಅಲ್ಲ. ನಮ್ಮಲ್ಲಿ ಬಹುಪಾಲು ಅಂಗಡಿಯವರು ಚರ್ಮವನ್ನೇ ಸುಲಿದು ಕೊಡುವುದರಿಂದ ಈ ತಪ್ಪು ಕಡಿಮೆ. ಸ್ಕಿನ್ ಇರುವ ಕೋಳಿ, ನಾಟಿ ಕೋಳಿ ಕೇಳಿದಾಗ ಎಚ್ಚರ ಬೇಕು. ನೀರು 58ರಿಂದ 60 ಡಿಗ್ರಿ ಇದ್ದರೆ ಒಂದು ನಿಮಿಷದಲ್ಲಿ ಪುಕ್ಕ ಬಿಡುತ್ತದೆ. ಕುದಿಯುವ ನೀರಿನಲ್ಲಿ ಕರುಳು ತೆಗೆಯದ ಕೋಳಿಯನ್ನು ಬಹಳ ಹೊತ್ತು ಬಿಟ್ಟರೆ ಒಳಗಿನ ಹೊಲಸು ಮಾಂಸಕ್ಕೆ ಇಳಿಯುತ್ತದೆಂದು ಧರ್ಮಪಂಡಿತರ ಆಕ್ಷೇಪವಿದೆ. ಚರ್ಮ ಬೆಂದು ಹರಿಯುತ್ತದೆ ಅನ್ನುವುದು ಅಡುಗೆಯವರ ಆಕ್ಷೇಪ. ಇನ್ನು ತಿಪ್ಪೆ ಕೆದರಿ ಬೆಳೆದ ನಾಟಿ ಕೋಳಿಯನ್ನು ಕೊಯ್ಯುವ ಮುನ್ನ ಮೂರು ದಿನ ಕಟ್ಟಿಹಾಕಿ ಶುದ್ಧ ಕಾಳು ಹಾಕುವ ಸಂಪ್ರದಾಯವಿದೆ. ಹಳೆಯದಾದರೂ ಅರ್ಥವಿರುವ ಪದ್ಧತಿ.

ರಕ್ತ ಸರಿಯಾಗಿ ಇಳಿದಿಲ್ಲವೆಂದು ಮಾಂಸವೇ ಹೇಳುತ್ತದೆ. ರೆಕ್ಕೆಯ ತುದಿ ಕೆಂಪಾಗಿರುತ್ತದೆ, ಎದೆಯ ಮಾಂಸದಲ್ಲಿ ನೀಲಿ ಗೆರೆಗಳು ಎದ್ದು ಕಾಣುತ್ತವೆ. ಅಂಥ ಮಾಂಸ ಬೇಗ ವಾಸನೆ ಹೊಡೆಯುತ್ತದೆ.

ಮಟನ್ ಅಂಗಡಿಯಲ್ಲಿ ಬೇರೆಯೇ ಒಂದು ಕಡೆ ಕಣ್ಣಿಡಬೇಕು. ಪಲ್ಯಕ್ಕೆಂದು ಹೆಪ್ಪುಗಟ್ಟಿದ ರಕ್ತ ಕೊಳ್ಳುವ ಗಿರಾಕಿಗಳಿದ್ದಾರೆ. ಅದನ್ನು ಬೋಟಿ, ಲಿವರಿನ ಜೊತೆ ಒಂದೇ ತಟ್ಟೆಯಲ್ಲಿ ಇಟ್ಟಿರುತ್ತಾರೆ. ಹರಿದ ರಕ್ತ ಹರಾಮ್, ಆ ತಟ್ಟೆಯ ಬೋಟಿಗೂ ಅದು ಅಂಟಿರುತ್ತದೆ. ಹೊಸತೊಡಕಿನ ದಿನ ಮತ್ತೊಂದು ಕಷ್ಟ. ಬೆಳಿಗ್ಗೆ ಹತ್ತಕ್ಕೇ ಅಂಗಡಿಯ ಮಾಲು ಮುಗಿದು, ಪಕ್ಕದ ಅಂಗಡಿಯಿಂದ ಅರ್ಧ ಕುರಿ ತಂದು ಅದೇ ಕೊಕ್ಕೆಗೆ ನೇತುಹಾಕುವುದುಂಟು. ಅದು ಜಟ್ಕಾ, ಅಂದರೆ ಒಂದೇ ಏಟಿಗೆ ತಲೆ ಕಡಿದದ್ದು, ಆಗಿರಬಹುದು, ದೇವರಿಗೆ ಬಿಟ್ಟ ಹರಕೆಯ ಕುರಿಯೂ ಆಗಿರಬಹುದು. ಅಂಥ ದಿನಗಳಿಗೆ ಎರಡು ದಿನ ಮೊದಲೇ ಆರ್ಡರ್ ಕೊಟ್ಟು, ನಿಮ್ಮದನ್ನು ಬೇರೆ ಎತ್ತಿಡಲು ಹೇಳಿ.

ಪ್ಯಾಕೆಟ್ಟಿನ ಫ್ರೋಜನ್ ಕೋಳಿಯಾದರೆ ಕಂಪನಿಗೆ ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಕರೆಂಟು ಹಾಯಿಸಿ ಪ್ರಜ್ಞೆ ತಪ್ಪಿಸುತ್ತಾರೆಯೇ? ಹಾಗಾದರೆ ಕೊಯ್ಯುವ ಮೊದಲೇ ಸಾಯುವ ಕೋಳಿಗಳನ್ನು ಹೇಗೆ ಬೇರ್ಪಡಿಸುತ್ತಾರೆ? ಕೊಯ್ಯುವುದು ಕೈಯೋ ಯಂತ್ರದ ಬ್ಲೇಡೋ? ಉತ್ತರ ಬಾರದಿದ್ದರೆ ಅನುಮಾನದ ಸಾಲಿಗೆ ಹಾಕಿ.

3. ಸಾಗಣೆ, ತಣ್ಣಗೆ ಇಡುವುದು

ಕೊಯ್ದ ನಾಲ್ಕು ಗಂಟೆಯೊಳಗೆ ಕೋಳಿಯ ಒಳಮಾಂಸ 4 ಡಿಗ್ರಿಗೆ ಇಳಿಯಬೇಕು. ಥರ್ಮಾಮೀಟರನ್ನು ಎದೆಯ ದಪ್ಪ ಭಾಗಕ್ಕೆ ಚುಚ್ಚಿ ನೋಡಿ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು, ಬೈಕಿನ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಮಾಂಸಕ್ಕೆ ಅಷ್ಟು ದೂರವೇ ಹೆಚ್ಚು. ಮುಚ್ಚಳವಿರುವ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು 2 ಕೆಜಿ ಮಾಂಸಕ್ಕೆ ಕನಿಷ್ಠ 1 ಕೆಜಿ ಐಸನ್ನು ಬೇರೆ ಚೀಲದಲ್ಲಿ ಕಟ್ಟಿ ಹಾಕಿ. ಬಿಡಿ ಐಸು ಕರಗಿದರೆ ಮಾಂಸ ನೀರಿನಲ್ಲಿ ಈಜುತ್ತದೆ. ಬಸ್ಸಿಗೆ ಪಾರ್ಸೆಲ್ ಹಾಕುವವರು ಗಮನಿಸಿ: ಡಿಕ್ಕಿಯಲ್ಲಿ ಪಕ್ಕದ ಗೋಣಿಯಲ್ಲಿ ಏನಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ಸೋರದ, ಟೇಪು ಸುತ್ತಿದ ಡಬ್ಬಿಯಲ್ಲದೆ ಕಳಿಸಬೇಡಿ.

ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ಮಾತು ಬೇರೆ. ಮೀನಿಗೆ ಕೊಯ್ಯುವ ವಿಧಿಯಿಲ್ಲ, ಯಾರು ಹಿಡಿದರೂ ಹಲಾಲ್. ಅಲ್ಲಿ ನೋಡಬೇಕಾದದ್ದು ತಾಜಾತನ ಮಾತ್ರ. ಸಿಗಡಿಯನ್ನು ಶಾಫಿಗಳು ಸಲೀಸಾಗಿ ತಿನ್ನುತ್ತಾರೆ, ಹನಫಿಗಳಲ್ಲಿ ಕೆಲವರು ಬಿಡುತ್ತಾರೆ. ಮಳೆಗಾಲದಲ್ಲಿ ಗದ್ದೆ ಬದಿಯ ಏಡಿ ಸಾರು ಮಲೆನಾಡಿನ ಹೆಮ್ಮೆ, ಸರಿ. ಆದರೆ ಏಡಿಯನ್ನು ಹನಫಿಗಳು ತಿನ್ನುವುದಿಲ್ಲ, ಶಾಫಿಗಳಲ್ಲೂ ಒಮ್ಮತವಿಲ್ಲ. ಕೇಳದೆ ಬಡಿಸಬೇಡಿ.

ಫ್ರೀಜರಿನಲ್ಲಿ ಮೈನಸ್ 18 ಇರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ ಕಡೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು ಹೊಸದೇನಲ್ಲ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ, ಸಾದಾ ಫ್ರಿಜ್ 4 ಗಂಟೆ ತಡೆಯುತ್ತದೆ. ಊರಲ್ಲಿ ಇಲ್ಲದಾಗ ಕರೆಂಟು ಹೋಗಿ ಬಂದಿತ್ತೇ ಎಂದು ತಿಳಿಯಲು ಸಣ್ಣ ಉಪಾಯವಿದೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಡಿ. ನಾಣ್ಯ ತಳಕ್ಕೆ ಇಳಿದಿದ್ದರೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಮಾಂಸವನ್ನು ಎಸೆಯಿರಿ.

4. ಹೋಂಸ್ಟೇ ಅಡುಗೆಮನೆ

ಪಂದಿ ಕರಿ ಮಾಡುವ ಅಡುಗೆಮನೆಯಲ್ಲಿ ಹಲಾಲ್ ಬೋರ್ಡು ಹಾಕಬೇಡಿ. ಕಟುವಾಗಿ ಕೇಳಿಸಿದರೂ ಇದಕ್ಕೆ ಸುತ್ತುದಾರಿ ಇಲ್ಲ. ಒಂದೇ ಒಲೆ, ಒಂದೇ ಸಿಂಕು, ಒಂದೇ ಜೋಡಿ ಕೈ ಇರುವಲ್ಲಿ ಹಂದಿಯ ಕೊಬ್ಬು ಹೋಗದ ಜಾಗವಿಲ್ಲ. ಎರಡನ್ನೂ ಮಾಡಲೇಬೇಕೆಂದರೆ ಬೇರೆ ಕೋಣೆ, ಬೇರೆ ಸಿಂಕು, ಬೇರೆ ಫ್ರೀಜರ್, ಆ ದಿನ ಬೇರೆ ಆಳು ಬೇಕು.

ಜನ ಎಡವುವುದು ಹಲಗೆ, ಚಾಕುವಿನಲ್ಲಲ್ಲ, ಅವು ನೆನಪಿರುತ್ತವೆ. ಎಡವುವುದು ಇಂಥಲ್ಲಿ: ಮಿಕ್ಸಿ ಜಾರಿನ ಬ್ಲೇಡಿನ ಕೆಳಗಿನ ರಬ್ಬರ್ ವಾಷರಿನಲ್ಲಿ ಜಿಡ್ಡು ಉಳಿಯುತ್ತದೆ. ರುಚಿ ನೋಡಿದ ಸೌಟು ಪಕ್ಕದ ಪಾತ್ರೆಗೆ ಹೋಗುತ್ತದೆ. ಪಾತ್ರೆ ಉಜ್ಜುವ ಸ್ಪಾಂಜು ಎಲ್ಲಕ್ಕೂ ಒಂದೇ ಇರುತ್ತದೆ. ಕಬಾಬು ಕರಿದ ಎಣ್ಣೆಯಲ್ಲೇ ಸಂಜೆ ಹಂದಿ ಫ್ರೈ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ಬೆಂಕಿ ಹಾಕಿದಾಗ ಹೊರಗೆ ತರುವ ಬಾರ್ಬೆಕ್ಯೂ ಜಾಲರಿ. ಅದನ್ನು ಯಾರೂ ಸರಿಯಾಗಿ ತೊಳೆಯುವುದಿಲ್ಲ, ಹಿಂದಿನ ವಾರದ ಕೊಬ್ಬು ಕಪ್ಪಗೆ ಕೂತಿರುತ್ತದೆ. ಹಲಾಲ್ ಜಾಲರಿಯ ಹಿಡಿಗೆ ಹಸಿರು ಟೇಪು ಸುತ್ತಿ ಬೇರೆಯೇ ನೇತುಹಾಕಿ.

ಮುಂಚೆ ಹಂದಿ ಬೇಯಿಸಿದ ಅಡುಗೆಮನೆಯನ್ನು ಪೂರ್ತಿ ಬದಲಾಯಿಸಲು ಹೊರಟಿದ್ದೀರಾ? ಮರದ ಹಲಗೆ, ಮರದ ಸೌಟು, ಬಿರುಕು ಬಿಟ್ಟ ಪ್ಲಾಸ್ಟಿಕ್, ಮೇಲ್ಪದರ ಕಿತ್ತ ನಾನ್‌ಸ್ಟಿಕ್ ಬಾಣಲೆಗಳನ್ನು ಮೊದಲು ಎಸೆಯಿರಿ. ಉಳಿದ ಸ್ಟೀಲಿನ ಜಿಡ್ಡನ್ನು ಬಿಸಿನೀರು, ಸೋಪಿನಿಂದ ತೆಗೆದ ಮೇಲೆ ಶಾಫಿ ಪದ್ಧತಿಯಂತೆ ಏಳು ಸಲ ತೊಳೆಯಬೇಕು. ಅದರಲ್ಲಿ ಒಂದು ಸಲ ಜರಡಿ ಹಿಡಿದ ಶುದ್ಧ ಮಣ್ಣನ್ನು ತೆಳ್ಳಗೆ ಕದಡಿದ ನೀರಿನಲ್ಲಿ ಆಗಬೇಕು. ಹನಫಿಗಳಿಗೆ ಮೂರು ಸಲ ಸಾಕು. ಏಳು ಸಲ ತೊಳೆದರೆ ಇಬ್ಬರ ಆಕ್ಷೇಪಣೆಯೂ ಇರುವುದಿಲ್ಲ. ಮಸೀದಿಯ ಹಜ್ರತರನ್ನೋ ಉಸ್ತಾದರನ್ನೋ ಎದುರಿಗೆ ಕೂರಿಸಿಕೊಂಡು ಮಾಡಿಸಿದರೆ ಒಳ್ಳೆಯದು. ಇದು ಒಮ್ಮೆ ಮಾಡುವ ಕೆಲಸ. ಈ ವಾರ ಹಂದಿ, ಮುಂದಿನ ವಾರ ತೊಳೆದು ಹಲಾಲ್ ಎಂಬ ಆಟವನ್ನು ಮಲೇಷ್ಯಾದ ಹಲಾಲ್ ಆಹಾರದ ಮಾನದಂಡವಾದ ಎಂಎಸ್ 1500 ಕೂಡ ಒಪ್ಪುವುದಿಲ್ಲ.

ಅಷ್ಟೆಲ್ಲ ಆಗದವರಿಗೆ ಮರ್ಯಾದೆಯ ದಾರಿಯೊಂದಿದೆ. ಬುಕಿಂಗ್ ಹೊತ್ತಿಗೇ "ನಮ್ಮಲ್ಲಿ ಹಂದಿ ಅಡುಗೆಯೂ ಆಗುತ್ತೆ. ನಿಮಗೆ ಹೊಸ ಪಾತ್ರೆಯಲ್ಲಿ ಸಸ್ಯಾಹಾರ ಮಾಡಿಕೊಡ್ತೀವಿ, ಇಲ್ಲಾಂದ್ರೆ ಹಲಾಲ್ ಹೋಟೆಲಿಂದ ತರಿಸಿಕೊಡ್ತೀವಿ" ಎಂದುಬಿಡಿ. ಬಹಳಷ್ಟು ಅತಿಥಿಗಳಿಗೆ ಈ ಮಾತೇ ಸಾಕಾಗುತ್ತದೆ.

5. ಬೇಕರಿ, ಚಾಕೊಲೇಟು

ರಾಜ್ಯಕ್ಕೆಲ್ಲ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ಹಾಸನ, ಹಾಗಾಗಿ ಇಲ್ಲಿನ ಬೇಕರಿಯವರು ಹಲಾಲ್ ಪ್ರಶ್ನೆಗೆ ನಗುವುದು ಸಹಜವೇ. ಆದರೂ ಕೈಯಲ್ಲಿರುವ ಬ್ರೆಡ್ ಇಂಪ್ರೂವರ್ ಪ್ಯಾಕೆಟ್ಟಿನ ಹಿಂಭಾಗ ಓದಿ. ಐಎನ್‌ಎಸ್ ಎಂಬ ಅಕ್ಷರಗಳ ಮುಂದಿನ ಅಂಕಿ ಆಹಾರಕ್ಕೆ ಬೆರೆಸುವ ರಾಸಾಯನಿಕದ ಗುರುತು. 471, 472, 481 ಎಂದರೆ ಎಮಲ್ಸಿಫೈಯರ್, ಅಂದರೆ ನೀರು ಎಣ್ಣೆಯನ್ನು ಕೂಡಿಸುವ ವಸ್ತು. ಇದರ ಕೊಬ್ಬು ತಾಳೆಯದೂ ಇರಬಹುದು, ಪ್ರಾಣಿಯದೂ ಇರಬಹುದು. 920 ಹಿಟ್ಟನ್ನು ಮೆದುವಾಗಿಸುವ ಸಿಸ್ಟೀನ್, ಪುಕ್ಕ, ಕೂದಲಿನಿಂದಲೂ ಬರುತ್ತದೆ. 120 ಕೀಟದಿಂದ ತೆಗೆದ ಕೆಂಪು ಬಣ್ಣ. ಜೆಲಾಟಿನ್ ಎಂಬುದು ಮೂಳೆ, ಚರ್ಮದ ಅಂಟು, ಮಾರ್ಷ್‌ಮ್ಯಾಲೋ, ಜೆಲ್ಲಿಯಲ್ಲಿ ಇರುತ್ತದೆ.

ನಮ್ಮ ದೇಶದಲ್ಲಿ ಒಂದು ಅನುಕೂಲವಿದೆ, ಹಸಿರು ಚುಕ್ಕೆ. ಅದಿದ್ದರೆ ಪ್ರಾಣಿಮೂಲದ ಕೊಬ್ಬು, ಜೆಲಾಟಿನ್, ಕೀಟದ ಬಣ್ಣ ಇರಬಾರದೆಂದು ಲೇಬಲ್ ನಿಯಮವೇ ಹೇಳುತ್ತದೆ. ಆಮದು ಪ್ಯಾಕೆಟ್ಟನ್ನು ಬಿಡಿಯಾಗಿ ಅಳೆದು ಕೊಡುವ ಅಂಗಡಿಯಲ್ಲಿ ಚುಕ್ಕೆಯೇ ಕಾಣದು, ಅಲ್ಲಿ ಕೊಳ್ಳಬೇಡಿ. ಚುಕ್ಕೆಯೊಂದನ್ನೇ ನಂಬಿ ಕೂರಬೇಡಿ ಕೂಡ, ಹಸಿರು ಚುಕ್ಕೆಗೆ ಆಲ್ಕೋಹಾಲಿನ ಸುದ್ದಿಯೇ ಗೊತ್ತಿಲ್ಲ. ರಮ್‌ನಲ್ಲಿ ನೆನೆಸಿದ ಹಣ್ಣಿನ ಪ್ಲಮ್ ಕೇಕು, ಮೊಟ್ಟೆ ಹಾಕದೆ ಮಾಡಿದರೂ ಹಲಾಲ್ ಅಲ್ಲ. ಹಣ್ಣನ್ನು ಕಿತ್ತಳೆ ಅಥವಾ ಕಪ್ಪು ದ್ರಾಕ್ಷಿ ರಸದಲ್ಲಿ ನೆನೆಸಬಹುದು. ಎಸೆನ್ಸು ಪ್ರೊಪಿಲೀನ್ ಗ್ಲೈಕಾಲಿನಲ್ಲಿ, ಅಂದರೆ ಐಎನ್‌ಎಸ್ 1520ರಲ್ಲಿ, ಕರಗಿಸಿದ್ದಾದರೆ ಚಿಂತೆಯಿಲ್ಲ. ಅಸಲಿ ವೆನಿಲ್ಲಾ ಸಾರ ಮಾಡುವುದೇ ಆಲ್ಕೋಹಾಲಿನಲ್ಲಿ. ಮಲೇಷ್ಯಾದಲ್ಲಿ, ಆ ಆಲ್ಕೋಹಾಲು ಮದ್ಯ ತಯಾರಿಕೆಯದ್ದಲ್ಲದಿದ್ದರೆ, ತಯಾರಾದ ತಿನಿಸಿನಲ್ಲಿ ಶೇ. 0.5ರವರೆಗೆ ಒಪ್ಪುತ್ತಾರೆ. ಎಲ್ಲ ಖರೀದಿದಾರರೂ ಒಪ್ಪುವುದಿಲ್ಲ.

ಯಾರ ಲೆಕ್ಕಕ್ಕೂ ಬಾರದ ವಸ್ತುವೊಂದಿದೆ: ಬನ್ನಿನ ಮೇಲೆ ಬೆಣ್ಣೆ, ಹಾಲು ಸವರುವ ಬ್ರಷ್ಷು. ಬಿಳಿ ಬಿರುಸು ಕೂದಲಿನ ಅಗ್ಗದ ಬ್ರಷ್ಷು ಎಷ್ಟೋ ಸಲ ಹಂದಿಯ ಕೂದಲಿನದು, ಹಿಡಿಯ ಮೇಲೆ "ಬ್ರಿಸಲ್" ಎಂದಷ್ಟೇ ಬರೆದಿರುತ್ತದೆ. ಒಂದು ಎಳೆ ಕಿತ್ತು ಬೆಳಕಿಗೆ ಹಿಡಿಯಿರಿ. ಹಂದಿ ಕೂದಲಾದರೆ ತುದಿ ಎರಡು ಮೂರಾಗಿ ಸೀಳಿರುತ್ತದೆ. ಆಮೇಲೆ ಕಡ್ಡಿ ಗೀರಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಪ್ರಾಣಿಯದು, ಕರಗಿ ಗಟ್ಟಿ ಗುಂಡಾದರೆ ನೈಲಾನು. ಪ್ರಾಣಿಯದೆಂದು ಕಂಡರೆ ಹಂದಿಯದೋ ಅಲ್ಲವೋ ಎಂದು ಯೋಚಿಸುತ್ತ ಕೂರದೆ ಬಿಸಾಡಿ, ಸಿಲಿಕಾನ್ ಬ್ರಷ್ಷು ತನ್ನಿ.

6. ಲೆಕ್ಕ ತಾಳೆಯಾಗಬೇಕು

ಬಂದ ದಿನ, ಯಾರಿಂದ, ಎಷ್ಟು, ಬಿಲ್ ನಂಬರು, ಬಂದಾಗಿನ ಡಿಗ್ರಿ ಇಷ್ಟೂ ಒಂದೇ ಸಾಲಿನಲ್ಲಿ ಬರೆಯಿರಿ. ಫ್ರೀಜರಿನ ಪ್ರತಿ ಪೊಟ್ಟಣಕ್ಕೂ ದಿನಾಂಕ ಹಾಕಿ. ತಪಾಸಣೆಗೆ ಬರುವವರು ಮೊದಲು ಮಾಡುವುದು ಕೂಡಿಸಿ ಕಳೆಯುವ ಲೆಕ್ಕ. 2 ಕೆಜಿಯ 60 ಕೋಳಿ ಎಂದರೆ 120 ಕೆಜಿ. ಚರ್ಮ ತೆಗೆದರೆ ಶೇ. 65ರಿಂದ 70, ಅಂದರೆ 78ರಿಂದ 84 ಕೆಜಿ ಮಾಂಸ ಸಿಗುತ್ತದೆ. ನಿಮ್ಮ ಬಿಲ್ಲುಗಳಲ್ಲಿ 110 ಕೆಜಿ ಮಾರಾಟವಾಗಿದ್ದರೆ ಉಳಿದದ್ದು ಎಲ್ಲಿಂದ ಬಂತು? ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ನಡೆಯುವುದಿಲ್ಲ.

7. ಪ್ರಮಾಣಪತ್ರ ಬೇಕಾದರೆ

ಊರಿನ ಗಿರಾಕಿಗಷ್ಟೇ ಮಾರುವವರಿಗೆ ಇದರ ಖರ್ಚು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಊರ ಜಮಾಅತ್‌ನವರು ಬಂದು ನೋಡಿ ಹೋದರೆ ಅದೇ ಹೆಚ್ಚು ಬಾಳುತ್ತದೆ. ದೊಡ್ಡ ಕಂಪನಿಗೋ ಹೊರದೇಶಕ್ಕೋ ಸರಕು ಕೊಡುವವರು ಪತ್ರ ಮಾಡಿಸಬೇಕಾಗುತ್ತದೆ. ಅರ್ಜಿಯ ಜೊತೆ ಆಹಾರ ಪರವಾನಗಿ, ಪದಾರ್ಥಗಳ ಪಟ್ಟಿ, ಅನುಮಾನದ ಪ್ರತಿ ವಸ್ತುವಿಗೂ ತಯಾರಕರ ಪತ್ರ, ತಯಾರಿಕೆಯ ಹಂತಗಳ ನಕ್ಷೆ, ನೀರಿನ ಪರೀಕ್ಷಾ ವರದಿ ಸಿದ್ಧವಿಡಿ.

ಹಣ ಕಟ್ಟುವ ಮೊದಲೇ ಖರೀದಿದಾರರನ್ನು ಕೇಳಿ: ಅವರ ದೇಶ ಯಾವ ಸಂಸ್ಥೆಯ ಪತ್ರವನ್ನು ಒಪ್ಪುತ್ತದೆ? ತಪ್ಪು ಸಂಸ್ಥೆಯ ಪತ್ರ ಬಂದರಿನಲ್ಲಿ ಬರಿ ಕಾಗದ. ಮಾಂಸ, ಮಾಂಸದ ಪದಾರ್ಥಗಳನ್ನು ಹಲಾಲ್ ಎಂದು ಸೌದಿ, ಯುಎಇ, ಮಲೇಷ್ಯಾ, ಇಂಡೋನೇಷ್ಯಾ ಸೇರಿ 15 ದೇಶಗಳಿಗೆ ಕಳಿಸಬೇಕಾದರೆ 2024ರ ಅಕ್ಟೋಬರ್ 16ರಿಂದ ಭಾರತೀಯ ಗುಣಮಟ್ಟ ಮಂಡಳಿಯ ಐ-ಕ್ಯಾಸ್ ಹಲಾಲ್ ಯೋಜನೆಯಡಿ ಮಾನ್ಯತೆ ಪಡೆದ ಸಂಸ್ಥೆಯ ಪತ್ರವೇ ಬೇಕು. ಉತ್ತರ ಪ್ರದೇಶಕ್ಕೆ ಮಾಲು ಕಳಿಸುವವರು ನೆನಪಿಡಬೇಕಾದದ್ದು, ಅಲ್ಲಿನ ಸರ್ಕಾರ 2023ರ ನವೆಂಬರಿನಲ್ಲಿ ಹಲಾಲ್ ಪ್ರಮಾಣಿತ ಆಹಾರದ ಮಾರಾಟವನ್ನು, ರಫ್ತು ಬಿಟ್ಟು, ನಿಷೇಧಿಸಿ ಆದೇಶ ಹೊರಡಿಸಿತು.

ಬೇರೆಯವರು ತೋರಿಸುವ ಪತ್ರದಲ್ಲಿ ಮುದ್ರೆಗಿಂತ ಮುಖ್ಯವಾಗಿ ಮೂರನ್ನು ಓದಿ. ಘಟಕದ ವಿಳಾಸ ನಿಮ್ಮ ಮಾಲು ತಯಾರಾದ ಜಾಗದ್ದೇ? ನೀವು ಕೊಳ್ಳುವ ಪದಾರ್ಥದ ಹೆಸರು ಅದರಲ್ಲಿದೆಯೇ? ಅವಧಿ ಮುಗಿದಿಲ್ಲವೇ? ಕಂಪನಿಯ ಚಿಕನ್ ಸಾಸೇಜಿಗೆ ಸಿಕ್ಕ ಪತ್ರವನ್ನು ಅದೇ ಕಂಪನಿಯ ಬೇರೆ ಮಾಲಿಗೆ ತೋರಿಸುವುದು ಅಪರೂಪವೇನಲ್ಲ.

8. ತಪ್ಪಾದಾಗ

ಆಳು ಮರೆತು ಹಂದಿಯ ಸೌಟನ್ನು ಕೋಳಿ ಸಾರಿಗೆ ಹಾಕಿದ ಎಂದುಕೊಳ್ಳಿ. ಆ ಪಾತ್ರೆಯನ್ನು ಕೂಡಲೇ ಒಲೆಯಿಂದ ಇಳಿಸಿ ಮುಚ್ಚಿ, ಮೇಲೆ ಕೆಂಪು ಟೇಪು ಅಂಟಿಸಿ. ಇಲ್ಲದಿದ್ದರೆ ಮತ್ತೊಬ್ಬರು ಬಂದು ಬಡಿಸಿಬಿಡುತ್ತಾರೆ. ಸೌಟು ಬೇರೆ ಯಾವ ಪಾತ್ರೆಗೆ ಹೋಗಿತ್ತೆಂದು ಆ ಹೊತ್ತಿನಲ್ಲೇ ಕೇಳಿ, ಪುಸ್ತಕದಲ್ಲಿ ಬರೆಯಿರಿ. ಬೈದರೆ ಮುಂದಿನ ಸಲ ಆಳು ಮುಚ್ಚಿಡುತ್ತಾನೆ, ಆದ್ದರಿಂದ ಬೈಗುಳ ಬೇಡ. ಇನ್ನೂ ಬಡಿಸಿಲ್ಲವಾದರೆ ಆ ಸಾರನ್ನು ಹಂದಿ ತಿನ್ನುವವರಿಗೆ ವಿಷಯ ಹೇಳಿ ಕೊಡಬಹುದು. ಬಡಿಸಿ ಆಗಿದ್ದರೆ, ಅತಿಥಿ ಊಟ ಮುಗಿಸಿ ಕೈ ತೊಳೆಯುವವರೆಗೂ ಕಾಯದೆ ಹೋಗಿ ಹೇಳಿ. ಅರಿಯದೆ ತಿಂದವರ ಮೇಲೆ ಪಾಪವಿಲ್ಲವೆಂದು ಅವರ ಧರ್ಮವೇ ಹೇಳುತ್ತದೆ. ತಿಳಿದ ಮೇಲೂ ಸುಮ್ಮನಿದ್ದರೆ ಹೊಣೆ ನಿಮ್ಮದು. ಆ ಊಟದ ಬಿಲ್ಲು ತೆಗೆದುಕೊಳ್ಳಬೇಡಿ.